ಸೋಲಾರ್ ಟ್ಯಾಂಕ್ ಖಾಲಿ ಮಾಡದೆ ಬಿಸಿನೀರಿನ ಲೈನ್ ಬದಲಿಸುವುದು ಹೇಗೆ?

ಬಚ್ಚಲುಮನೆಯ ಮಿಕ್ಸರ್ ಬದಲಿಸಲು ಅಥವಾ ನಲ್ಲಿಯನ್ನು ಒಂದಡಿ ಆಚೆ ಸರಿಸಲು ತಾರಸಿಯ ಸೋಲಾರ್ ಟ್ಯಾಂಕನ್ನು ಬರಿದು ಮಾಡಬೇಕಾಗಿಲ್ಲ. ಬೆಂಗಳೂರಿನ ಟಿನ್ ಫ್ಯಾಕ್ಟರಿ ಸುತ್ತಿನ ಉದಯನಗರ, ಎ. ನಾರಾಯಣಪುರದಂಥ ಕಡೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನು ನಂಬಿದ ಮನೆಗಳಿಗೆ 200 ಲೀಟರ್ ನೀರು ಮೋರಿ ಪಾಲಾಗುವುದು ಸಣ್ಣ ನಷ್ಟವಲ್ಲ. ಸಾಮಾನ್ಯವಾಗಿ ತಣ್ಣೀರು ಸೋಲಾರ್ ಟ್ಯಾಂಕಿನ ತಳಕ್ಕೆ ಬರುತ್ತದೆ, ಬಿಸಿನೀರು ಮೇಲ್ಭಾಗದಿಂದ ಹೊರಡುತ್ತದೆ. ತಣ್ಣೀರು ನಿಲ್ಲಿಸಿದರೆ ಲೈನಿನಲ್ಲಿರುವ ನೀರು ಮತ್ತು ಟ್ಯಾಂಕಿನ ಮೇಲ್ಪದರದ ನೀರು ಮಾತ್ರ ಇಳಿಯುತ್ತದೆ. ಉಳಿದದ್ದು ಅಲ್ಲೇ ಇರುತ್ತದೆ.

ಈ ಕೆಲಸಕ್ಕೆ ಬಿಸಿಲೇರುವ ಮುಂಚಿನ ಹೊತ್ತೇ ಸರಿ. ಮಧ್ಯಾಹ್ನದ ಸೋಲಾರ್ ನೀರು 60 ಡಿಗ್ರಿ ದಾಟಿರಬಹುದು, ಕೈ ಸುಡುತ್ತದೆ. ಪ್ಲಂಬರ್ ತಡವಾಗಿ ಬರುವುದಾದರೆ ಸೋಲಾರ್‌ನ ಗಾಜಿನ ಕೊಳವೆಗಳ ಮೇಲೆ ಬೆಳಗ್ಗೆಯೇ ಟಾರ್ಪಾಲು ಹೊದಿಸಬೇಕು.

ಬಿಸಿನೀರಿನ ಲೈನಿಗೆ ಗೀಸರ್ ಕೂಡ ಜೋಡಿಸಿದ್ದರೆ ಮೊದಲು ಅದರ ಸ್ವಿಚ್ ಆರಿಸಬೇಕು. ನೀರಿಲ್ಲದೆ ಕಾದರೆ ಅದರ ಕಾಯಿಲ್ ಸುಟ್ಟುಹೋಗುತ್ತದೆ. ನಂತರ ತಾರಸಿಗೆ ಹೋಗಿ ಏರ್ ವೆಂಟ್ ನೋಡಬೇಕು. ಸೋಲಾರ್ ಟ್ಯಾಂಕಿನ ನೆತ್ತಿಯಿಂದ ಓವರ್‌ಹೆಡ್ ಟ್ಯಾಂಕಿಗಿಂತ ಎತ್ತರಕ್ಕೆ ನಿಂತಿರುವ ಸಣ್ಣ ಪೈಪೇ ಅದು. ಹೆಚ್ಚಿನವರು ಅದರತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಗಡಸು ನೀರಿನ ಬಿಳಿ ಸುಣ್ಣ ಅಥವಾ ಹುಳುಗಳ ಗೂಡು ಅದನ್ನು ಮುಚ್ಚಿದ್ದರೆ, ನೀರು ಇಳಿಯುವಾಗ ಒಳಗೆ ಗಾಳಿ ಬರಲು ದಾರಿಯಿರುವುದಿಲ್ಲ. ಆಗ ಒಳಗಿನ ತೆಳು ತಗಡು ಕುಗ್ಗಿ ಟ್ಯಾಂಕೇ ಹಾಳಾಗಬಹುದು. ವೆಂಟ್ ತೆರೆದಿರುವುದು ಖಚಿತವಾಗುವವರೆಗೆ ನೀರು ಇಳಿಸಬಾರದು.

ಈಗ ಓವರ್‌ಹೆಡ್ ಟ್ಯಾಂಕಿನಿಂದ ಸೋಲಾರ್‌ಗೆ ಬರುವ ತಣ್ಣೀರಿನ ವಾಲ್ವ್ ಮುಚ್ಚಬೇಕು. ಬಚ್ಚಲುಮನೆಗಳಿಗೆ ಹೋಗುವ ತಣ್ಣೀರಿನ ವಾಲ್ವನ್ನೂ ಮುಚ್ಚಬೇಕು, ಏಕೆಂದರೆ ಮಿಕ್ಸರ್ ಮತ್ತು ಗೀಸರ್ ಮೂಲಕ ತಣ್ಣೀರು ಬಿಸಿನೀರಿನ ಲೈನಿಗೆ ನುಗ್ಗುತ್ತದೆ. ಕೆಳಮನೆಯಲ್ಲಿ ಬಾಡಿಗೆದಾರರಿದ್ದರೆ ಮುಂಚಿತವಾಗಿ ತಿಳಿಸಬೇಕು. ಬಳಿಕ ಎಲ್ಲಕ್ಕಿಂತ ಕೆಳಗಿನ ಬಿಸಿನೀರಿನ ನಲ್ಲಿಗೆ ಬಕೆಟ್ ಇಟ್ಟು ತಿರುಗಿಸಿ, ಮೇಲಿನ ನಲ್ಲಿಯನ್ನೂ ತೆರೆದಿಡಬೇಕು. ಕೆಲವು ಬಕೆಟ್ ಬಂದ ಮೇಲೆ ಧಾರೆ ಸಣ್ಣದಾಗಿ ನಿಲ್ಲಬೇಕು. ಒಂದೇ ಸಮನೆ ಸುರಿಯುತ್ತಿದ್ದರೆ ಯಾವುದೋ ವಾಲ್ವ್ ಪೂರ್ತಿ ಮುಚ್ಚಿಲ್ಲ ಎಂದರ್ಥ. ಸುಣ್ಣ ಕಟ್ಟಿದ ಹಳೆಯ ಗೇಟ್ ವಾಲ್ವ್‌ಗಳಲ್ಲಿ ಇದು ಮಾಮೂಲು. ಅಂಥ ಕಡೆ ಬಾಲ್ ವಾಲ್ವ್ ಹಾಕಿಸುವುದು ಒಳ್ಳೆಯದು.

ಧಾರೆ ನಿಂತ ಮೇಲೆಯೇ ಪೈಪು ಕತ್ತರಿಸಬೇಕು. ಬಿಸಿನೀರಿಗೆ ಸಿಪಿವಿಸಿ ಪೈಪನ್ನೇ ಬಳಸಬೇಕು. ತಣ್ಣೀರಿನ ಯುಪಿವಿಸಿ ಶಾಖಕ್ಕೆ ಮೆತ್ತಗಾಗುತ್ತದೆ. ಅಂಟು ಹಚ್ಚುವ ಮುನ್ನ ಪೈಪಿನ ತುದಿಯನ್ನು ಒಣಬಟ್ಟೆಯಿಂದ ಒರೆಸಬೇಕು, ಒದ್ದೆಯಿದ್ದರೆ ಜಾಯಿಂಟ್ ನಿಲ್ಲುವುದಿಲ್ಲ. ತಿರುಪಿನ ಥ್ರೆಡ್‌ಗಳಿಗೆ ಟೆಫ್ಲಾನ್ ಟೇಪ್ ಸುತ್ತಬೇಕು. ಅಂಟು ಒಣಗಲು ಡಬ್ಬಿಯ ಮೇಲೆ ನಮೂದಿಸಿದಷ್ಟು ಸಮಯ ಕೊಡಲೇಬೇಕು.

ನೀರು ತುಂಬಿಸುವಾಗ ಮೇಲಿನ ನಲ್ಲಿ ತೆರೆದಿಟ್ಟು, ಮುಚ್ಚಿದ್ದ ವಾಲ್ವ್‌ಗಳನ್ನು ಸ್ವಲ್ಪಸ್ವಲ್ಪವೇ ತೆರೆಯಬೇಕು. ಗಾಳಿ ಬುಸುಗುಟ್ಟಿ ಹೊರಬಂದು ಧಾರೆ ಸಮವಾದ ಮೇಲೆ ನಲ್ಲಿ ಮುಚ್ಚಿ, ಹೊಸ ಜಾಯಿಂಟ್ ಜಿನುಗುತ್ತಿದೆಯೇ ಎಂದು ಕೈಯಾಡಿಸಿ ನೋಡಬೇಕು. ಯಾವ ಕಾರಣಕ್ಕಾದರೂ ಗಾಜಿನ ಕೊಳವೆಗಳೇ ಬರಿದಾಗಿದ್ದರೆ ಬಿಸಿಲಿನಲ್ಲಿ ತಣ್ಣೀರು ಬಿಡಬಾರದು, ಕಾದ ಗಾಜು ಸೀಳುತ್ತದೆ. ಮರುದಿನ ಮುಂಜಾನೆವರೆಗೆ ಕಾಯಬೇಕು. ಗೀಸರ್‌ಗೆ ಸಂಪರ್ಕವಿರುವ ಬಿಸಿನೀರಿನ ನಲ್ಲಿಯಲ್ಲಿ ನೀರು ಸರಾಗವಾಗಿ ಬಂದ ನಂತರವೇ ಗೀಸರ್ ಸ್ವಿಚ್ ಹಾಕಬೇಕು.