ಬೀಗದ ಕೈ ಯಾರ ಕೈಯಲ್ಲಿ?

ಪ್ರಶ್ನೆ: ನನ್ನ ಮಗಳ ಕಾನ್ವೆಂಟ್ ಶಾಲೆಯ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ತುಂಬ ಒಳ್ಳೆಯವರು. ಈ ಮೇ ತಿಂಗಳಲ್ಲಿ ಅವರಿಗೆ ವರ್ಗವಾಯಿತು. ನಾವು ಪೋಷಕರೆಲ್ಲ ಸೇರಿ ಅರ್ಜಿ ಕೊಟ್ಟರೂ ಪ್ರಯೋಜನವಾಗಲಿಲ್ಲ. ಇಂಥ ಶಾಲೆಗಳಿಗೆ ನಿಜವಾದ ಯಜಮಾನರು ಯಾರು? ಚರ್ಚಿನವರು ಶಾಲೆ ನಡೆಸುವುದರ ಉದ್ದೇಶವಾದರೂ ಏನು?
– ಓದುಗರೊಬ್ಬರು, ಪುತ್ತೂರು

ಉತ್ತರ: ನಾನು ಏಳನೇ ತರಗತಿ ಮುಗಿಸಿದ ವರ್ಷ ನಮ್ಮ ಇಗರ್ಜಿ ಶಾಲೆಯಲ್ಲೂ ಹೀಗೇ ಆಗಿತ್ತು. ಏಪ್ರಿಲ್ ಹತ್ತರಂದು ಫಲಿತಾಂಶ ನೋಡಲು ಹೋದಾಗ ಆಫೀಸಿನಲ್ಲಿ ನಮ್ಮ ಸಿಸ್ಟರ್ ಹೊಸದಾಗಿ ಬಂದ ಸಿಸ್ಟರ್‌ಗೆ ಬೀಗದ ಕೈಗಳ ಗೊಂಚಲು ಒಪ್ಪಿಸುತ್ತಿದ್ದರು. ಒಂದೊಂದನ್ನೇ ಬೆರಳಲ್ಲಿ ಹಿಡಿದು, ಇದು ಹಾಜರಿ ಪುಸ್ತಕದ ಕಪಾಟಿನದು, ಇದು ಸಜ್ಜಿಗೆ ರವೆ ಇಡುವ ಕೋಣೆಯದು, ಸ್ವಲ್ಪ ಮೇಲಕ್ಕೆತ್ತಿ ತಿರುಗಿಸಬೇಕು ಎಂದು ಹೇಳಿಕೊಡುತ್ತಿದ್ದರು. ಮಧ್ಯಾಹ್ನದ ಬಸ್ಸಿಗೆ ಒಂದೇ ಒಂದು ಟ್ರಂಕು ಹಿಡಿದು ಹೊರಟುಹೋದರು. ಒಂಬತ್ತು ವರ್ಷ ಆ ಶಾಲೆಯನ್ನು ಕಟ್ಟಿದವರು ಅಲ್ಲಿಂದ ಒಯ್ದದ್ದು ಅಷ್ಟೇ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಕಾನ್ವೆಂಟ್ ಎಂದರೆ ಸಿಸ್ಟರ್‌ಗಳು ವಾಸಿಸುವ ಮಠ. ನಮ್ಮಲ್ಲಿ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳೆಲ್ಲ ಕಾನ್ವೆಂಟ್ ಆಗಿಬಿಟ್ಟಿವೆ. ಬೋರ್ಡಿನ ಮೇಲೆ ಸಂತರ ಹೆಸರಿದ್ದ ಮಾತ್ರಕ್ಕೆ ಅದು ಕ್ಯಾಥೊಲಿಕ್ ಶಾಲೆಯಾಗುವುದಿಲ್ಲ. ಮಂಗಳೂರಿನ ಬಾಸೆಲ್ ಮಿಶನ್ ಶಾಲೆಗಳೂ ಕ್ಯಾಥೊಲಿಕರವಲ್ಲ, ಪ್ರೊಟೆಸ್ಟೆಂಟರವು. 1983ರ ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಧರ್ಮಸಭೆಯ ಅಧಿಕಾರಿಗಳೋ ಅದರ ಸಂಸ್ಥೆಗಳೋ ನಡೆಸುವ, ಇಲ್ಲವೇ ಅಧಿಕಾರಿಗಳು ಲಿಖಿತವಾಗಿ ಒಪ್ಪಿದ ಶಾಲೆ ಮಾತ್ರ ಕ್ಯಾಥೊಲಿಕ್ ಶಾಲೆ.

ಯಜಮಾನರು ಯಾರು ಎಂಬುದಕ್ಕೆ ಉತ್ತರ ಒಂದೇ ಅಲ್ಲ. ಇಗರ್ಜಿಗೆ ಸೇರಿದ ಶಾಲೆಯಾದರೆ ಸಾಮಾನ್ಯವಾಗಿ ಅಲ್ಲಿನ ಫಾದರ್ ಸಂಚಾಲಕರು. ಅವರ ಮೇಲೆ ಬಿಷಪರ ಶಿಕ್ಷಣ ಮಂಡಳಿ. ಸಿಸ್ಟರ್‌ಗಳ ಸಂಘದ ಶಾಲೆಯಾದರೆ ಸಂಘದ್ದೇ ಆಡಳಿತ. ಹೆಡ್‌ಮಿಸ್ಟ್ರೆಸ್ ಎಲ್ಲಿರಬೇಕು ಎಂದು ತೀರ್ಮಾನಿಸುವವರು ಪ್ರಾವಿನ್ಶಿಯಲ್, ಅಂದರೆ ಸಂಘದ ಪ್ರಾಂತ್ಯದ ಮುಖ್ಯಸ್ಥೆ. ಆದರೆ ಆ ಪ್ರಾವಿನ್ಶಿಯಲ್ ಹುದ್ದೆಗೂ ಅವಧಿ ಇರುತ್ತದೆ. ಇವತ್ತು ವರ್ಗದ ಪತ್ರ ಬರೆದವರು ನಾಳೆ ಯಾವುದೋ ಹಳ್ಳಿಯ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿರಬಹುದು. ವಿಧೇಯತೆಯ ವ್ರತ ತೊಟ್ಟವರು ಹೋಗು ಎಂದಾಗ ಹೊರಡುತ್ತಾರೆ. ಬಡತನದ ವ್ರತ ತೊಟ್ಟವರ ಸಂಬಳ ಸಂಘದ ಖಾತೆಗೆ ಸೇರುತ್ತದೆ. ಸಂಬಳ ತಮ್ಮ ಕೈಗೆ ಉಳಿಯದ ಮೇಲೆ ಅನುದಾನಿತ ಶಾಲೆಯ ಸಿಸ್ಟರ್, ಫಾದರ್‌ಗಳಿಗೆ ಆದಾಯ ತೆರಿಗೆ ಕಡಿತ ಏಕೆ ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2024ರ ನವೆಂಬರಿನಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಅದು ಸಂಬಳವೇ.

ಅರ್ಜಿ ಕೊಟ್ಟು ಉಳಿಸಿಕೊಳ್ಳುವ ಪದ್ಧತಿ ವ್ರತದ ಈ ವ್ಯವಸ್ಥೆಯೊಳಗೆ ಹೊಂದುವುದಿಲ್ಲ. ಈ ಮಾತಿಗೆ ನಮ್ಮ ಕರಾವಳಿಯಲ್ಲೇ ಒಂದು ಹಳೆಯ ಸಾಕ್ಷಿಯಿದೆ. ಅಪೊಸ್ತಲಿಕ್ ಕಾರ್ಮೆಲ್ ಸಂಘವನ್ನು 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಸ್ಥಾಪಿಸಿದವರು ಮದರ್ ವೆರೋನಿಕಾ. ಹುಟ್ಟಿನಿಂದ ಆಂಗ್ಲಿಕನ್, ಇಂಗ್ಲಿಷ್ ಮನೆತನದ ಹೆಣ್ಣುಮಗಳು. ಕಲ್ಲಿಕೋಟೆಯಲ್ಲಿ ಕೆಲಸ ಮಾಡಿದ್ದಾಗ ಈ ಕಡೆಯ ಹುಡುಗಿಯರ ಓದಿನ ಸ್ಥಿತಿ ಕಂಡಿದ್ದವರು. ಅವರು ತಯಾರು ಮಾಡಿದ ಬೆರಳೆಣಿಕೆಯ ಸಿಸ್ಟರ್‌ಗಳು ಮದರ್ ಮೇರಿ ದೆಸ್ ಆಂಜ್ ಅವರ ಮುಂದಾಳತ್ವದಲ್ಲಿ 1870ರಲ್ಲಿ ಮಂಗಳೂರಿಗೆ ಬಂದಿಳಿದರು. ಸಂತ ಆನ್ನರ ಶಾಲೆ ಬೆಳೆದದ್ದು ಹಾಗೆ. 1921ರಲ್ಲಿ ಅದೇ ಸಂಘದಿಂದ ಸಂತ ಆಗ್ನೆಸ್ ಮಹಿಳಾ ಕಾಲೇಜು ಬಂತು. ಆದರೆ ಮದರ್ ವೆರೋನಿಕಾ ಆ ಸಿಸ್ಟರ್‌ಗಳ ಜತೆ ಹಡಗು ಹತ್ತಲಿಲ್ಲ. 1906ರಲ್ಲಿ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠದಲ್ಲಿ ತೀರಿಕೊಂಡರು. ಸಂಘ ಕಟ್ಟಿದವರೇ ಯಜಮಾನಿಕೆ ಇಟ್ಟುಕೊಳ್ಳಲಿಲ್ಲ. ನನ್ನ ಮಟ್ಟಿಗೆ ಈ ಶಾಲೆಗಳ ಗಟ್ಟಿತನ ಇರುವುದು ಇಲ್ಲಿಯೇ.

ಇನ್ನು ಉದ್ದೇಶ. ಮತಾಂತರವೇ ಎಂಬ ಅನುಮಾನ ನಿಮ್ಮ ಪ್ರಶ್ನೆಯ ಹಿಂದಿದ್ದರೆ ಸಂಕೋಚ ಬೇಡ, ಅನೇಕರು ಕೇಳುತ್ತಾರೆ. ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಸಂವಿಧಾನದ 28ನೇ ವಿಧಿ ಅದು. ನಮ್ಮ ಶಾಲೆಯಲ್ಲಿ ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಪಕ್ಕದ ಕೋಣೆಗೆ ಹೋದರೆ ನಾವು ಉಳಿದವರು ನೀತಿಪಾಠ ಓದುತ್ತಿದ್ದೆವು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ಕ್ಯಾಥೊಲಿಕ್ ಶಾಲೆ ವಿಶೇಷವಾಗಿ ಯಾರ ಕಡೆ ನೋಡಬೇಕು ಎಂಬುದಿದೆ: ಬಡವರು, ಮನೆಯ ಆಸರೆ ಇಲ್ಲದವರು, ಆ ಧರ್ಮದ ನಂಬಿಕೆ ಇಲ್ಲದವರು. ಬಡವರ ಹೆಸರು ಮೊದಲು ಬರುತ್ತದೆ ಎಂಬುದನ್ನು ಗಮನಿಸಿ.

ಇಲ್ಲಿ ನನಗೊಂದು ತಕರಾರಿದೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಸ್ಥಾಪಿಸಿ ಆಡಳಿತ ನಡೆಸುವ ಹಕ್ಕು ಕೊಟ್ಟಿದೆ. ಮುಖ್ಯೋಪಾಧ್ಯಾಯರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಅದರೊಳಗಿದೆ. ಆಡಳಿತದ ಹಕ್ಕು ದುರಾಡಳಿತದ ಹಕ್ಕಲ್ಲ ಎಂಬುದನ್ನು ಸುಪ್ರೀಂ ಕೋರ್ಟು 1958ರಲ್ಲೇ ಕೇರಳ ಶಿಕ್ಷಣ ಮಸೂದೆಯ ವಿಚಾರದಲ್ಲಿ ಹೇಳಿದೆ. 2014ರ ತೀರ್ಪಿನಿಂದ ಅಲ್ಪಸಂಖ್ಯಾತ ಶಾಲೆಗಳು ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ ಹೊರಗೆ ಉಳಿದವು. ಬಡ ಮಕ್ಕಳಿಗೆ ಶೇ. 25 ಸೀಟು ಕೊಡಬೇಕೆಂಬ ನಿಯಮವೂ ಅವಕ್ಕೆ ತಾಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠ ನೋಡಲಿ ಎಂದಿದ್ದಾರೆ. ಅದೇನೇ ಆಗಲಿ, ಕಾನೂನು ಬಿಟ್ಟರೂ 1965ರ ಆ ಮಾತು ಬಿಡುವುದಿಲ್ಲವಲ್ಲ. ದೊಡ್ಡ ಊರಿನ ಕೆಲವು ಶಾಲೆಗಳಲ್ಲಿ ಅರ್ಜಿ ನಮೂನೆ ತರಲು ಹೋದ ಕೂಲಿಯವನು ಗೇಟಿನಿಂದಲೇ ಹಿಂದಿರುಗಿದ್ದನ್ನು ನಾನು ಕಂಡಿದ್ದೇನೆ. ಅಂಥ ಶಾಲೆಯ ಫಲಿತಾಂಶ ನೂರಕ್ಕೆ ನೂರು ಬಂದರೂ ಅದು ತನ್ನ ಕೆಲಸದ ಅರ್ಧವನ್ನೂ ಮಾಡಿಲ್ಲ. ಅತ್ತ ಹಳ್ಳಿಯ ಕನ್ನಡ ಮಾಧ್ಯಮದ ಅನುದಾನಿತ ಇಗರ್ಜಿ ಶಾಲೆ, ನಿವೃತ್ತರಾದವರ ಜಾಗ ತುಂಬದೆ, ಎರಡು ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ದಿನ ದೂಡುತ್ತಿದೆ. ಶಾಲೆ ಕಟ್ಟಿದವರ ಆಸೆ ಅಲ್ಲಿ ಇನ್ನೂ ಉಸಿರಾಡುತ್ತಿದೆ. ಸಂಘಗಳ ಹಣ, ಒಳ್ಳೆಯ ಸಿಸ್ಟರ್‌ಗಳು ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಸಿಸ್ಟರ್ ಆಗಲು ಬರುವ ಹುಡುಗಿಯರು ಈಗ ಮೊದಲಿನಷ್ಟು ಇಲ್ಲ. ಶಾಲೆಯ ಹೊಣೆ ಸಂಸಾರಸ್ಥ ಶಿಕ್ಷಕಿಯರ ಕೈಗೆ ಬರುತ್ತಿದೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ. ಮನೆ ಸಾಲ, ಮಕ್ಕಳ ಜ್ವರ, ಅತ್ತೆಯ ಔಷಧಿ ಎಲ್ಲ ನಿಭಾಯಿಸಿಕೊಂಡು ಅವರು ಶಾಲೆ ನಡೆಸಬೇಕು. ವ್ರತ ತೊಟ್ಟವರಿಂದ ಬಯಸಿದ್ದನ್ನು ಅರ್ಧ ಸಂಬಳಕ್ಕೆ ಇವರಿಂದ ಬಯಸುವುದು ಅನ್ಯಾಯ. ಹೊಣೆ ಕೊಡುವವರು ತೀರ್ಮಾನದ ಅಧಿಕಾರವನ್ನೂ ತಕ್ಕ ಸಂಬಳವನ್ನೂ ಕೊಡಬೇಕು.

ನಿಮ್ಮ ಸಿಸ್ಟರ್ ವಾಪಸ್ ಬರುವುದು ಬಹುಶಃ ಆಗದ ಮಾತು. ಆದರೂ ಪ್ರಾವಿನ್ಶಿಯಲ್ ಅವರಿಗೊಂದು ಪತ್ರ ಬರೆಯಿರಿ. ವರ್ಗ ರದ್ದು ಮಾಡಿ ಎಂದಲ್ಲ, ಆ ಸಿಸ್ಟರ್ ನಿಮ್ಮ ಮಕ್ಕಳಿಗೆ ಏನೇನು ಮಾಡಿದರು ಎಂದು. ಹೊಸಬರು ಅದನ್ನು ಓದಿ ಮುಂದುವರಿಸಬಹುದು. ಜೂನಿನ ಪೋಷಕರ ಸಭೆಯಲ್ಲಿ ಅವರನ್ನೇ ಕೇಳಿ: ಈ ವರ್ಷ ಶುಲ್ಕ ಕಟ್ಟಲಾಗದ ಎಷ್ಟು ಮಕ್ಕಳನ್ನು ಸೇರಿಸಿಕೊಂಡಿದ್ದೀರಿ, ಅದಕ್ಕೆ ನಮ್ಮಿಂದ ಏನಾಗಬೇಕು?