ಹೆಸರುಕಾಳಿಗೆ ನುಸಿ ಹತ್ತದಂತೆ ಮನೆಯಲ್ಲೇ ಸಂಗ್ರಹ: ಖಾಲಿ ಬಾಟ್ಲಿ, ಒಣ ಕಾಳು, ಕೊನೆಗೆ ಉಂಡೆ

ನಮ್ಮ ಧಾರವಾಡ, ಗದಗ ಕಡೆ ಮುಂಗಾರಿನ ಹೆಸರು ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಮನೆಗೆ ಬರುತ್ತದೆ. ಮಾರುವ ಕಾಳು ಮಾರಿ ಆಯ್ತು, ಇನ್ನು ಉಳಿದದ್ದು ಎರಡು ಪಾಲು. ಒಂದು ವರ್ಷವಿಡೀ ಉಣ್ಣಲಿಕ್ಕೆ, ಇನ್ನೊಂದು ಮುಂದಿನ ಮೇ–ಜೂನ್‌ನಲ್ಲಿ ಬಿತ್ತಲಿಕ್ಕೆ. ಈ ಎರಡನ್ನೂ ದುಡ್ಡು ಖರ್ಚಿಲ್ಲದೆ, ಔಷಧಿ ಗುಳಿಗೆ ಇಲ್ಲದೆ ಮನೆಯಲ್ಲೇ ಕಾಯ್ದುಕೊಳ್ಳೋದು ಹೇಗೆ ಅನ್ನೋದನ್ನ ಈ ವಾರ ನೋಡೋಣ.

ಮೊದಲು ನಮ್ಮ ಮನೆಯ ತಪ್ಪನ್ನೇ ಹೇಳ್ತೀನಿ. ನಮ್ಮ ಅತ್ತೆಯವರು ಮೂವತ್ತು ವರ್ಷ ಒಂದೇ ಹೆಸರಿನ ಬೀಜ ಕಾಯ್ದುಕೊಂಡು ಬಂದಿದ್ದರು. ಕಾಳು ಸಣ್ಣದು, ಆದರೆ ಬೇಗ ಬೇಯೋದು, ರುಚಿ ಬೇರೆ. ಅವರು ಹಾಸಿಗೆ ಹಿಡಿದ ವರ್ಷ ಸಂಗ್ರಹದ ಕೆಲಸ ನನ್ನ ಪಾಲಿಗೆ ಬಂತು. ಮೋಡದ ದಿನ ಅರೆಬರೆ ಒಣಗಿಸಿ, ಹಳೇ ಗೋಣಿಚೀಲಕ್ಕೆ ತುಂಬಿ ಮೂಲೆಗೆ ಇಟ್ಟುಬಿಟ್ಟೆ. ಯುಗಾದಿ ಆದ ಮೇಲೆ ಬಿಚ್ಚಿದ್ರೆ ಚೀಲದ ತುಂಬ ಹಿಟ್ಟು, ಕಾಳಿಗೊಂದು ತೂತು. ಅಂಗಡಿಯಿಂದ ಬೀಜ ತಂದು ಬಿತ್ತಿದೆವು, ಬೆಳೆಯೂ ಬಂತು. ಆದರೆ ಆ ತಳಿ ಯಾವ ಅಂಗಡಿಯಲ್ಲೂ ಸಿಗೋದಲ್ಲ. ಅತ್ತೆಯವರು ಬೈಯಲಿಲ್ಲ. "ಕಾಳು ಹೋದ್ರ ಕೊಂಡು ತರಬಹುದು, ಬೀಜ ಹೋದ್ರ ಎಲ್ಲಿಂದ ತರ್ತೀ?" ಅಂದ್ರು ಅಷ್ಟೇ.

ನುಸಿ ಬರೋದು ಎಲ್ಲಿಂದ?

ಬಹಳ ಜನ ಹುಳ ಮನೆಯೊಳಗೇ ಹುಟ್ಟುತ್ತೆ ಅಂದ್ಕೊಂಡಿದ್ದಾರೆ. ಅದು ಅರ್ಧ ಮಾತ್ರ ನಿಜ. ಕಾಳು ಕೊರೆಯುವ ದುಂಬಿ ಹೊಲದಲ್ಲೇ, ಕಾಯಿ ಬಲಿಯುವಾಗಲೇ ಮೊಟ್ಟೆ ಇಡಬಲ್ಲದು. ಆ ಮೊಟ್ಟೆ ಕಾಳಿನ ಜೊತೆ ನಮ್ಮ ಮನೆಗೆ ಬರುತ್ತದೆ. ಕಾಳಿನ ಮೇಲೆ ಸುಣ್ಣದ ಚುಕ್ಕಿಯಂಥ ಬಿಳಿ ಗುರುತು ಕಂಡ್ರೆ ಅದು ಮೊಟ್ಟೆ. ಮೊಟ್ಟೆಯಿಂದ ಹೊರಟ ಮರಿ ನೇರವಾಗಿ ಕಾಳಿನೊಳಗೆ ಕೊರೆದು ಇಳಿಯುತ್ತದೆ. ತಿನ್ನೋದೆಲ್ಲ ಅದೇ, ರೆಕ್ಕೆ ಬಂದ ದುಂಬಿ ಕಾಳು ತಿನ್ನೋದಿಲ್ಲ, ಮೊಟ್ಟೆ ಇಟ್ಟು ಸಾಯುತ್ತದೆ ಅಷ್ಟೇ. ಬೆಚ್ಚಗಿನ ದಿನಗಳಲ್ಲಿ ಈ ಸುತ್ತು ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ. ಅಂದ್ರೆ ನಾವು ತೂತು ನೋಡುವ ಹೊತ್ತಿಗೆ ಒಂದು ತಲೆಮಾರು ಆಗಲೇ ಹೊರಬಿದ್ದಿರುತ್ತದೆ. ಹಾಗಾಗಿ ತೂತು ಕಂಡ ಮೇಲಲ್ಲ, ತುಂಬುವ ದಿನವೇ ಕೆಲಸ ಆಗಬೇಕು.

ಹಗೇವಿನ ಪಾಠ

ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ಮೆತ್ತುತ್ತಿದ್ದರು. ತೆಗೆದ ದಿನ ಯಾರೂ ತಟ್ಟನೆ ಒಳಗೆ ಇಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಅಂತ ಅರ್ಥ. ಮನುಷ್ಯನಿಗೆ ಉಸಿರಿಲ್ಲದ ಕಡೆ ಹುಳಕ್ಕೂ ಉಸಿರಿಲ್ಲ. ಹಗೇವಿನ ಕಾಳು ಉಳಿಯುತ್ತಿದ್ದುದರ ಗುಟ್ಟು ಇದೇ.

ಈಗ ಮನೆಮನೆಗೆ ಹಗೇವು ಇಲ್ಲ. ಆದರೆ ಮದುವೆ, ಜಾತ್ರೆ ಮುಗಿದ ಮೇಲೆ ಬಿಸಾಡುವ 1 ಲೀಟರ್, 2 ಲೀಟರ್ ನೀರಿನ ಬಾಟ್ಲಿಗಳು ಬೇಕಾದಷ್ಟಿವೆ. ಮುಚ್ಚಳ ಗಟ್ಟಿ ಇರುವ ಪ್ರತಿ ಬಾಟ್ಲಿಯೂ ಒಂದು ಸಣ್ಣ ಹಗೇವು.

ಮೊದಲು ಒಣಗಿಸಿ, ಆಮೇಲೆ ಮುಚ್ಚಿ

ಹಸಿ ಕಾಳನ್ನು ಗಾಳಿ ಬಿಡದಂತೆ ಮುಚ್ಚಿದರೆ ನುಸಿ ಬರದೇ ಇರಬಹುದು, ಬೂಸ್ಟು ಗ್ಯಾರಂಟಿ. ಬೇಳೆಕಾಳಿನ ತೇವಾಂಶ ಶೇ. 9–10ಕ್ಕೆ ಇಳಿಯಬೇಕು. ಮನೆಯಲ್ಲಿ ಅಳೆಯೋ ಯಂತ್ರ ಇಲ್ಲದಿದ್ರೆ ಉಪ್ಪಿನ ಪರೀಕ್ಷೆ ಮಾಡಿ:

1. ಪುಡಿ ಉಪ್ಪನ್ನು ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಿ, ಆರಿಸಿ.
2. ಒಣಗಿದ ಗಾಜಿನ ಬಾಟ್ಲಿಯ ಮೂರನೇ ಒಂದು ಭಾಗ ಕಾಳು, ಎರಡು ಮೂರು ಚಮಚ ಉಪ್ಪು ಹಾಕಿ ಮುಚ್ಚಳ ಬಿಗಿ ಮಾಡಿ.
3. ಎರಡು ನಿಮಿಷ ಕುಲುಕಿ, ಹತ್ತು ನಿಮಿಷ ಬಿಡಿ.
4. ಉಪ್ಪು ಗಾಜಿಗೆ ಅಂಟಿದರೆ ಕಾಳು ಇನ್ನೂ ಹಸಿ, ತೇವ ಶೇ. 15ಕ್ಕಿಂತ ಹೆಚ್ಚು. ಉದುರಿ ಕೆಳಗೆ ಬಿದ್ದರೆ ಅದಕ್ಕಿಂತ ಕಡಿಮೆ.

ಉಪ್ಪು ಉದುರಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಬೇಳೆಕಾಳಿಗೆ ಅಷ್ಟು ಸಾಲದು, ಇನ್ನೂ ಎರಡು ಮೂರು ಒಳ್ಳೇ ಬಿಸಿಲು ಕೊಡಿ. ಕೊನೆಗೆ ಹಲ್ಲಿನಲ್ಲಿ ಕಡಿದರೆ ಕಟ್ ಅಂತ ಒಡೆಯಬೇಕು, ಚಪ್ಪಟೆ ಆಗಬಾರದು.

ಉಣ್ಣುವ ಕಾಳಿಗೆ ಬಿಸಿಲಿನ ಹಾಸಿಗೆ

ಕಾಳಿನೊಳಗೆ ಆಗಲೇ ಮರಿ ಇದ್ರೆ? ಅಂಗಳದಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ಕರಿ ಪ್ಲಾಸ್ಟಿಕ್ ಹಾಳೆ ಹಾಸಿ. ಒಂದು ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಕಾಳು ಹರವಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಕಲ್ಲು ಇಡಿ. ಕಾಳು 57 ಡಿಗ್ರಿ ಬಿಸಿ ಮುಟ್ಟಿ ಒಂದು ಗಂಟೆ ನಿಂತರೆ ಮೊಟ್ಟೆ, ಮರಿ, ದುಂಬಿ ಯಾವುದೂ ಉಳಿಯೋದಿಲ್ಲ. ಖಡಕ್ ಬಿಸಿಲಿನ ದಿನ ಮಧ್ಯಾಹ್ನ 12ರಿಂದ 3ರ ತನಕ ಬಿಡಿ, ಮೋಡ ಇದ್ರೆ ಮಾಡಬೇಡಿ. ಆಮೇಲೆ ನೆರಳಿನಲ್ಲಿ ಪೂರ್ತಿ ಆರಿಸಿಯೇ ತುಂಬಬೇಕು. ಬಿಸಿ ಕಾಳು ಮುಚ್ಚಿದರೆ ಒಳಗೆ ಬೆವರುತ್ತದೆ.

ಬಿತ್ತನೆ ಬೀಜಕ್ಕೆ ಈ ಹಾಸಿಗೆ ನಾನು ಬಳಸೋದಿಲ್ಲ. ಅದಕ್ಕೆ ಮಾಮೂಲಿ ಬಿಸಿಲು, ಆಮೇಲೆ ಬಾಟ್ಲಿ, ಅಷ್ಟು ಸಾಕು.

ಬಾಟ್ಲಿ ತುಂಬುವ ಕ್ರಮ

- ಕುಡಿಯುವ ನೀರು, ಎಣ್ಣೆ, ತಂಪು ಪಾನೀಯದ ಬಾಟ್ಲಿ ಮಾತ್ರ. ಕೀಟನಾಶಕ, ಫಿನಾಯಿಲ್ ಇದ್ದದ್ದು ಎಷ್ಟು ತೊಳೆದರೂ ಬೇಡವೇ ಬೇಡ.
- ಸೋಪು ಹಾಕಿ ತೊಳೆದು, ತಲೆಕೆಳಗೆ ಮಾಡಿ ಎರಡು ದಿನ ಒಣಗಿಸಿ. ಒಂದು ಹನಿ ನೀರೂ ಇರಬಾರದು.
- ಕಾಳು ತುಂಬುತ್ತಾ ಬಾಟ್ಲಿಯನ್ನು ನೆಲಕ್ಕೆ ಕುಟ್ಟಿ, ಕುತ್ತಿಗೆ ತನಕ ತುಂಬಿ. ಒಳಗೆ ಉಳಿಯುವ ಗಾಳಿ ಕಡಿಮೆ ಇದ್ದಷ್ಟೂ ಒಳ್ಳೇದು. ಒಳಗಿದ್ದ ಒಂದೆರಡು ಹುಳ ಇರೋ ಗಾಳಿ ಉಸಿರಾಡಿ ಮುಗಿಸಿ, ತಿನ್ನೋದು, ಹೆಚ್ಚೋದು ನಿಲ್ಲಿಸುತ್ತವೆ.
- ಮುಚ್ಚಳ ಬಿಗಿಯಾಗಿ ತಿರುಗಿಸಿ. ಸಡಿಲ ಅನ್ನಿಸಿದ್ರೆ ಕರಗಿಸಿದ ಮೇಣ ಹಚ್ಚಿ.

2 ಲೀಟರ್ ಬಾಟ್ಲಿಗೆ ಸುಮಾರು ಒಂದೂವರೆ ಕೆ.ಜಿ. ಹೆಸರು ಹಿಡಿಯುತ್ತದೆ. ಎಕರೆಗೆ 5–6 ಕೆ.ಜಿ. ಬೀಜ ಬೇಕು, ಅಂದ್ರೆ ನಾಲ್ಕು ಬಾಟ್ಲಿ.

ಬಾಟ್ಲಿ ಸಾಕಾಗದಿದ್ರೆ ಉಣ್ಣುವ ಕಾಳಿಗೆ ಹಳೇ ಉಪಾಯಗಳಿವೆ. ಕೆ.ಜಿ.ಗೆ ಒಂದು ಚಮಚ ಅಡುಗೆ ಎಣ್ಣೆ ಸವರಿ ಇಟ್ಟರೆ ಮೊಟ್ಟೆ ಸಾಯುತ್ತದೆ. ಇಲ್ಲವೇ ಒಡೆಸಿ ಬೇಳೆ ಮಾಡಿ ಇಡಿ. ಈ ದುಂಬಿಗೆ ಇಡೀ ಕಾಳು ಬೇಕು, ಬೇಳೆಗೆ ಅಷ್ಟಾಗಿ ಬರೋದಿಲ್ಲ.

ಉಗ್ರಾಣ ಜೋಡಿಸುವ ಬಗೆ

ಬಾಟ್ಲಿ ತುಂಬಿ ಎಲ್ಲೆಲ್ಲೋ ಇಟ್ರೆ ಪ್ರಯೋಜನ ಇಲ್ಲ. ನಮ್ಮ ಮನೆಯಲ್ಲಿ ಮಾಡಿದ್ದು ಇಷ್ಟು:

- ನಾಲ್ಕು ಇಟ್ಟಿಗೆ, ಮೇಲೆ ಒಂದು ಹಲಗೆ. ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಯಿಂದ ಒಂದು ಗೇಣು ದೂರ.
- ಪ್ಲಾಸ್ಟಿಕ್ಕನ್ನು ಇಲಿ ಕಡಿಯುತ್ತದೆ. ಬೀಜದ ಬಾಟ್ಲಿಗಳನ್ನು ಹಳೇ ತಗಡಿನ ಟ್ರಂಕಿನೊಳಗೆ ಇಡಿ. ಕತ್ತಲೂ ಆಯ್ತು, ಕಾವಲೂ ಆಯ್ತು.
- ಪ್ರತಿ ಬಾಟ್ಲಿಗೂ ಚೀಟಿ: ಕಾಳಿನ ಹೆಸರು, ತುಂಬಿದ ತಾರೀಖು. ಬೀಜಕ್ಕೆ ಕೆಂಪು ದಾರ, ಉಣ್ಣೋದಕ್ಕೆ ಬಿಳಿ ದಾರ. ಓದಲು ಬಾರದವರಿಗೂ ತಿಳಿಯುತ್ತದೆ, ಅವಸರದಲ್ಲಿ ಬೀಜ ಸಾರಿಗೆ ಹೋಗೋದಿಲ್ಲ.
- ಹಳೇದು ಮುಂದೆ, ಹೊಸದು ಹಿಂದೆ. ಒಂದು ತೆರೆದರೆ ಅದು ಮುಗಿಯುವ ತನಕ ಇನ್ನೊಂದು ತೆರೆಯಬಾರದು.
- ಹಳೇ ಚೀಲಗಳನ್ನು ಕುದಿಯುವ ನೀರಿಗೆ ಅದ್ದಿ ಒಣಗಿಸದೆ ಮತ್ತೆ ಬಳಸಬೇಡಿ. ನನ್ನ ತಪ್ಪು ಅಲ್ಲಿಂದಲೇ ಶುರುವಾಗಿದ್ದು.

ತಿಂಗಳಿಗೊಮ್ಮೆ, ಅಮಾವಾಸ್ಯೆಯ ಮರುದಿನ ಅಂತ ಇಟ್ಕೊಳ್ಳಿ, ಬಾಟ್ಲಿಗಳನ್ನು ತೆರೆಯದೆ ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಪುಡಿ ಕಂಡ್ರೆ ಅದನ್ನು ಬೇರೆ ಇಡಿ. ತೂತಾದ ಕಾಳು ಕೋಳಿಗೆ ಹಾಕಬಹುದು. ಬೂಸ್ಟು ಹಿಡಿದದ್ದು ಮಾತ್ರ ಕೋಳಿಗೂ ಬೇಡ, ಎಮ್ಮೆಗೂ ಬೇಡ. ಅದರ ವಿಷ ಹಾಲಿಗೂ ಇಳಿಯಬಲ್ಲದು. ತಿಪ್ಪೆಗೆ ಹಾಕಿ ಮುಚ್ಚಿಬಿಡಿ.

ನೋಡಿದ ದಿನದ ಉಂಡೆ

ತೆರೆದ ಬಾಟ್ಲಿಯ ತಳದಲ್ಲಿ ಉಳಿದ ಕಾಳು ಆ ದಿನ ಉಂಡೆ ಆಗುತ್ತದೆ. ಮಕ್ಕಳು ಉಗ್ರಾಣ ನೋಡುವ ದಿನ ಮರೆಯದೆ ನೆನಪಿಸೋದು ಇದಕ್ಕೇ.

ಆರಿಸಿದ ಹೆಸರುಕಾಳು 2 ಲೋಟ, ಬೆಲ್ಲದ ಪುಡಿ ಒಂದೂಕಾಲು ಲೋಟ, ತುಪ್ಪ ಅರ್ಧ ಲೋಟ, ಏಲಕ್ಕಿ 4. ಕಾಳನ್ನು ಸಣ್ಣ ಉರಿಯಲ್ಲಿ 12–15 ನಿಮಿಷ ಕೈ ಬಿಡದೆ ಹುರಿಯಿರಿ. ಬಣ್ಣ ಕೆಂಪಾಗಿ ಘಮ ಬಂದ ಮೇಲೆ ಇಳಿಸಿ ಆರಿಸಿ, ನುಣ್ಣಗೆ ಬೀಸಿ ಜರಡಿ ಹಿಡಿಯಿರಿ. ಬೆಲ್ಲ, ಏಲಕ್ಕಿ ಕಲಸಿ, ಬಿಸಿ ತುಪ್ಪ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಉಂಡೆ ಕಟ್ಟಿ. ಹುರಿದ ಶೇಂಗಾ ತರಿ ಹಾಕಿದ್ರೆ ಇನ್ನೂ ರುಚಿ. ಒಣ ಡಬ್ಬಿಯಲ್ಲಿ ಎರಡು ವಾರ ಕೆಡೋದಿಲ್ಲ.

ಬಿತ್ತುವ ಮುಂಚೆ

ಬಿತ್ತನೆಗೆ ಹತ್ತು ಹದಿನೈದು ದಿನ ಇರುವಾಗ ಒಂದು ಬೀಜದ ಬಾಟ್ಲಿ ತೆಗೆದು, 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ನಾಲ್ಕೈದು ದಿನ ತೇವ ಆರದಂತೆ ನೋಡಿ. 75ಕ್ಕಿಂತ ಹೆಚ್ಚು ಮೊಳೆತರೆ ಧೈರ್ಯವಾಗಿ ಬಿತ್ತಿ. ಕಡಿಮೆ ಬಂದ್ರೆ ಬೇರೆ ಬೀಜ ಹುಡುಕಲು ಇನ್ನೂ ಸಮಯ ಇರುತ್ತದೆ.

ನಮ್ಮ ಕಳೆದುಹೋದ ತಳಿ ಆಮೇಲೆ ಸಿಕ್ಕಿತು. ಅತ್ತೆಯವರೇ ಯಾವಾಗಲೋ ತಂಗಿಯ ಮನೆಗೆ ಬೀಜಕ್ಕೆ ಅಂತ ಕೊಟ್ಟಿದ್ದರು. ಅಲ್ಲಿಂದ ಅರ್ಧ ಸೇರು ಇಸ್ಕೊಂಡು ಬಂದು ಬಾವಿ ಪಕ್ಕದ ಮಡಿಯಲ್ಲಿ ಹಾಕಿದೆವು. ಈ ವರ್ಷ ಟ್ರಂಕಿನಲ್ಲಿ ಕೆಂಪು ದಾರದ ಎಂಟು ಬಾಟ್ಲಿ ಇವೆ. ಒಂಬತ್ತನೆಯದನ್ನು ಪಕ್ಕದ ಮನೆಯವರಿಗೆ ಕೊಟ್ಟಿದ್ದೀನಿ. ನೀವೂ ಒಂದು ಬಾಟ್ಲಿ ಬೇರೆ ಮನೆಯಲ್ಲಿ ಇಡಿ. ನಮ್ಮಲ್ಲಿ ಹೋದರೂ ಊರಲ್ಲಿ ಉಳಿಯುತ್ತದೆ.