ಅಮ್ಮಿಯ ಚಳಿಗಾಲದ ಕೋಟು: ಪ್ಯಾಟರ್ನ್ ಆರಿಸುವ ಪಾಠ



ಹೊಲಿಗೆ ಕಲಿಯುವ ನಾವು ಸಾಮಾನ್ಯವಾಗಿ ಮೊದಲು ಬಟ್ಟೆ ಕೊಳ್ಳುತ್ತೇವೆ, ಆಮೇಲೆ ಪ್ಯಾಟರ್ನ್ ಹುಡುಕುತ್ತೇವೆ. ಹೋದ ವರ್ಷ ನಾನು ಮಾಡಿದ್ದೂ ಅದೇ. ಚಿಕ್ಕಪೇಟೆಯಿಂದ ಉಣ್ಣೆ ಮಿಶ್ರಿತ ಬಟ್ಟೆ ತಂದು, ಚಿತ್ರದಲ್ಲಿ ಚೆಂದ ಕಂಡ ಪ್ಯಾಟರ್ನ್ ಇಟ್ಟು ಕತ್ತರಿಸಿ ಅಮ್ಮಿಗೆ ಕೋಟು ಹೊಲಿದೆ. ಬುರ್ಖಾದ ಮೇಲೆ ಅದು ಏರಲೇ ಇಲ್ಲ. ಪಕ್ಕದ ಮನೆ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ್ದ ಹಣ ಹೋಯಿತು. ಅಮ್ಮಿ ಮಾತ್ರ ಆ ಚಳಿಗಾಲವನ್ನೂ ಹಳೆಯ ಶಾಲಿನಲ್ಲೇ ಕಳೆದರು. ಈ ವರ್ಷ ಮತ್ತೆ ಹೊಲಿಯುವ ಮೊದಲು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉಡುಪಿನ ಒಂದೊಂದು ಭಾಗದ ಆಕಾರವನ್ನು ಕಾಗದದ ಮೇಲೆ ಬರೆದು ಕತ್ತರಿಸಿದ್ದೇ ಪ್ಯಾಟರ್ನ್. ಬೇರೆ ಬೇರೆ ಅಳತೆಗಳಲ್ಲಿ ಸಿದ್ಧ ಕಾಗದದ ಪ್ಯಾಟರ್ನ್‌ಗಳನ್ನು 1863ರಲ್ಲಿ ಮಾರಲು ಆರಂಭಿಸಿದವರು ಅಮೆರಿಕದ ದರ್ಜಿ ಎಬೆನೆಜರ್ ಬಟರಿಕ್ ಮತ್ತು ಅವರ ಪತ್ನಿ ಎಲೆನ್. ಇದರಿಂದ ಮನೆಯ ಹೆಣ್ಣುಮಕ್ಕಳಿಗೆ ಕಟಿಂಗ್ ಸುಲಭವಾಯಿತು. ಆದರೆ ನಮ್ಮ ಮನೆಯವರು ಏನು ತೊಡುತ್ತಾರೆ, ಏನು ಕೆಲಸ ಮಾಡುತ್ತಾರೆ ಎಂಬುದು ಪ್ಯಾಟರ್ನ್ ಮಾಡಿದವರಿಗೆ ಗೊತ್ತಿರುವುದಿಲ್ಲ. ಅದನ್ನು ನಾವೇ ನೋಡಿ ಆರಿಸಬೇಕು.

ಮೊದಲನೆಯದು, ಎಷ್ಟು ಚಳಿಗೆ ಎಂಬ ಪ್ರಶ್ನೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್, 1884ರ ಜನವರಿ 13ರಂದು. ಸಾಮಾನ್ಯವಾಗಿ ಜನವರಿಯ ಮುಂಜಾನೆಗಳು 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಹನ್ನೊಂದು ಗಂಟೆಗೆ ಬಿಸಿಲು ಚುರುಗುಟ್ಟುತ್ತದೆ. ಹಿಮ ಬೀಳುವ ಊರಿಗಾಗಿ ಮಾಡಿದ, ಮೂರು ಪದರದ ಭಾರಿ ಓವರ್‌ಕೋಟು ನಮಗೆ ಹೊರೆ. ಒಂದು ಪದರ ಬಟ್ಟೆ, ಒಳಗೆ ತೆಳು ಅಸ್ತರು, ಮಡಚಿ ಬ್ಯಾಗಿಗೆ ಹಾಕುವಷ್ಟು ಹಗುರ: ಇಂಥ ಪ್ಯಾಟರ್ನ್ ಸಾಕು.

ಎರಡನೆಯದು ಅಳತೆ. ನಾನು ಎಡವಿದ್ದು ಇಲ್ಲೇ. ಅಮ್ಮಿಯ ಎದೆ ಸುತ್ತಳತೆ 38 ಇಂಚು. ಅಮೆರಿಕದ ಹಲವು ಪ್ಯಾಟರ್ನ್‌ಗಳಲ್ಲಿ 38 ಇಂಚಿಗೆ 16ನೇ ಸೈಜು ಎಂದು ಬರೆದಿರುತ್ತದೆ. ಅದಕ್ಕೂ ಅಂಗಡಿಯ ಸಿದ್ಧ ಉಡುಪಿನ ಸೈಜಿಗೂ ಸಂಬಂಧವಿಲ್ಲ. ಸೈಜು ನೋಡಿ ತೃಪ್ತಳಾದ ನಾನು, ಹೊಲಿದು ಮುಗಿದ ಮೇಲೆ ಕೋಟಿನ ಸುತ್ತಳತೆ ಎಷ್ಟಾಗುತ್ತದೆ ಎಂಬ ಸಾಲನ್ನು ಓದಲೇ ಇಲ್ಲ. ಅದು 41 ಇಂಚು. ಈ ಸಲ ಕಮೀಜು, ಬುರ್ಖಾ ಎರಡನ್ನೂ ತೊಡಿಸಿ ಅಳೆದೆ. ಅದೂ 41 ಇಂಚು! ಕೈ ಆಡಿಸಲು ಜಾಗವೇ ಇರಲಿಲ್ಲ. ಆದ್ದರಿಂದ ಕೋಟಿನೊಳಗೆ ತೊಡುವ ಬಟ್ಟೆಗಳ ಮೇಲಿಂದಲೇ ಅಳೆಯಬೇಕು. ಅದಕ್ಕೆ ಇನ್ನೂ ನಾಲ್ಕು ಇಂಚಿನಷ್ಟು ಸಡಿಲ ಸೇರಿಸಬೇಕು. ಈ ಬಾರಿ ಮುಗಿದ ಅಳತೆ 45 ಇಂಚು ಬರುವ ಪ್ಯಾಟರ್ನ್ ಆರಿಸಿದೆ.

ಮೂರನೆಯದು ತೋಳು. ಅಮ್ಮಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಬೆಳಿಗ್ಗೆ ಏಳಕ್ಕೆ ನಾಯಂಡಹಳ್ಳಿಯಲ್ಲಿ ಕೆಂಗೇರಿ ಕಡೆಯ ಬಸ್ಸು ಹತ್ತಿ, ಮೇಲಿನ ಕಂಬಿ ಹಿಡಿದು ನಿಲ್ಲಬೇಕು. ಭುಜದ ಅಂಚಿಗೆ ಸರಿಯಾಗಿ ಕೂರಿಸುವ ತೋಳು ನೋಡಲು ಅಚ್ಚುಕಟ್ಟು, ಆದರೆ ದಪ್ಪ ಬಟ್ಟೆಯಲ್ಲಿ ಸುಕ್ಕಿಲ್ಲದೆ ಕೂರಿಸುವುದು ಹೊಸಬರಿಗೆ ಕಷ್ಟ. ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಹೊಲಿಗೆ ಬರುವ ರ‍್ಯಾಗ್ಲನ್ ತೋಳು ಹೊಲಿಯಲು ಸುಲಭ. ಕಂಕುಳಲ್ಲಿ ಸಡಿಲವಿರುವುದರಿಂದ ಬುರ್ಖಾದ ತೋಳೂ ಒಳಗೆ ಮುದುಡುವುದಿಲ್ಲ. ಅದನ್ನೇ ಆರಿಸಿದೆ.

ಕಾಲರ್ ವಿಷಯದಲ್ಲಿ ನಾನು ಮಾತಾಡುವಂತಿರಲಿಲ್ಲ. ಅಮ್ಮಿ ಲೈನಿನಲ್ಲಿ ದಿನವಿಡೀ ಕಾಲರ್ ಕೂರಿಸುವವರು. ಒಂದು ಉಡುಪನ್ನು ಆರಂಭದಿಂದ ಕೊನೆವರೆಗೆ ಹೊಲಿಯುವ ಅವಕಾಶ ಅಲ್ಲಿಲ್ಲ. ನಾನು ತೋರಿಸಿದ ನಿಂತ ಕಾಲರ್ ನೋಡಿ, "ಬೇಟಿ, ಇದು ಸ್ಕಾರ್ಫನ್ನು ಮೇಲಕ್ಕೆ ದೂಡುತ್ತೆ, ಮಲಗಿಸಿದ ಕಾಲರ್ ಇರೋದು ನೋಡು" ಅಂದರು. ಟೋಪಿ ಇರುವ ಪ್ಯಾಟರ್ನೂ ಬೇಡವಾಯಿತು, ತಲೆ ಹೇಗೂ ಮುಚ್ಚಿರುತ್ತದೆ. ಉದ್ದವನ್ನು ಮೊಣಕಾಲಿನ ಮೇಲಕ್ಕೇ ನಿಲ್ಲಿಸಿದೆವು, ಬಸ್ಸಿನ ಮೆಟ್ಟಿಲು ಹತ್ತುವಾಗ ತೊಡಕಾಗಬಾರದಲ್ಲ.

ನಾಲ್ಕನೆಯದು ಮುದ್ರಣ. ಪಿಡಿಎಫ್ ಪ್ಯಾಟರ್ನ್ ಆದರೆ ಜೆರಾಕ್ಸ್ ಅಂಗಡಿಯಲ್ಲಿ ನೂರಕ್ಕೆ ನೂರು ಗಾತ್ರದಲ್ಲೇ ಮುದ್ರಿಸಿ ಎಂದು ಹೇಳಬೇಕು. ಹಾಳೆಗೆ ಹೊಂದಿಸಲು 96 ಶೇಕಡಕ್ಕೆ ಕುಗ್ಗಿಸಿದರೂ 45 ಇಂಚು 43.2 ಆಗಿಬಿಡುತ್ತದೆ. ಹಾಳೆಯಲ್ಲಿ ಅಳತೆ ನೋಡಲೆಂದೇ ಒಂದು ಚೌಕ ಇರುತ್ತದೆ. ಒಂದು ಹಾಳೆ ಮಾತ್ರ ಮುದ್ರಿಸಿ, ಆ ಚೌಕವನ್ನು ಸ್ಕೇಲಿನಿಂದ ಅಳೆದು, ಸರಿಯಿದ್ದರೆ ಉಳಿದದ್ದನ್ನು ಮುದ್ರಿಸಿ.

ಐದನೆಯದು ಪರೀಕ್ಷೆ. ಅಗ್ಗದ ಕೋರಾ ಬಟ್ಟೆಯಲ್ಲಿ ಮೊದಲು ಕಚ್ಚಾ ಕೋಟು ಹೊಲಿಯಿರಿ. ಅಸ್ತರು, ಗುಂಡಿ, ಕಾಜ ಯಾವುದೂ ಬೇಡ. ಇಂಗ್ಲಿಷಿನಲ್ಲಿ ಇದಕ್ಕೆ ಮಸ್ಲಿನ್ ಎಂದೇ ಹೆಸರು. ಇರಾಕಿನ ಮೋಸುಲ್ ನಗರದ ಹೆಸರಿನಿಂದ ಬಂದ ಪದ ಅದು. ಹಳೆಯ ಬೆಡ್‌ಶೀಟಿನಲ್ಲಿ ಹೊಲಿದ ನಮ್ಮ ಕಚ್ಚಾ ಕೋಟು ತೊಟ್ಟು ಅಮ್ಮಿ ಬಾಗಿಲ ಚೌಕಟ್ಟನ್ನು ಬಸ್ಸಿನ ಕಂಬಿಯಂತೆ ಹಿಡಿದು ನಿಂತರು. ತೋಳು ಮಣಿಕಟ್ಟಿನಿಂದ ಒಂದು ಇಂಚು ಮೇಲೆ ಸರಿಯಿತು. ಕಾಗದದಲ್ಲೇ ಅಷ್ಟು ಉದ್ದ ಮಾಡಿಕೊಂಡೆವು. ಬೆಡ್‌ಶೀಟಿನಲ್ಲಿ ಕಂಡ ತಪ್ಪಿಗೆ ಖರ್ಚಿಲ್ಲ. ಇಸ್ರಾಫ್, ಅಂದರೆ ದುಂದು, ಸಲ್ಲದು ಎಂದು ದೀನಿಯಾತ್ ತರಗತಿಯಲ್ಲಿ ಓದಿದ್ದು ನನಗೆ ಇಲ್ಲಿ ಅರ್ಥವಾಯಿತು.

ಬಟ್ಟೆ ಕೊಳ್ಳುವುದು ಕೊನೆಗೆ. ಬಟ್ಟೆಯ ಅಗಲ 58 ಇಂಚೋ 44 ಇಂಚೋ ಎಂಬುದರ ಮೇಲೆ ಎಷ್ಟು ಮೀಟರ್ ಬೇಕೆಂಬುದು ಬದಲಾಗುತ್ತದೆ. ಮೇಲ್ಮೈಯಲ್ಲಿ ರೋಮವಿರುವ ಬಟ್ಟೆಯಾದರೆ ಎಲ್ಲ ತುಂಡುಗಳೂ ಒಂದೇ ದಿಕ್ಕಿಗಿರಬೇಕು, ಹಾಗಾಗಿ ಸ್ವಲ್ಪ ಹೆಚ್ಚು ಬೇಕು. ಈ ಲೆಕ್ಕ ಬರೆದುಕೊಂಡೇ ವಿಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಚಿಕ್ಕಪೇಟೆಗೆ ಹೋದೆ.

ಕೋಟಿನ ಉಳಿದೆಲ್ಲ ಹೊಲಿಗೆ ನನ್ನದು. ಭಾನುವಾರ ಕಾಲರ್ ಕೂರಿಸಲು ಮಾತ್ರ ಅಮ್ಮಿಯನ್ನು ಮೆಷಿನಿಗೆ ಕರೆದೆ. "ಮೊದಲ ಸಲ ನನ್ನದೇ ಕೋಟಿಗೆ" ಎಂದು ನಕ್ಕರು. ಐದು ನಿಮಿಷದಲ್ಲಿ ಮುಗಿಸಿದರು.

ನಿಮಗೊಂದು ಅಭ್ಯಾಸ: ಮನೆಯಲ್ಲಿ ಯಾರಿಗಾದರೂ ಆರಾಮವಾಗಿ ಕೂರುವ ಕೋಟನ್ನೋ ಸ್ವೆಟರನ್ನೋ ನೆಲದ ಮೇಲೆ ಹರಡಿ, ಕಂಕುಳಿಂದ ಕಂಕುಳಿಗೆ ಅಳೆದು ಎರಡು ಪಟ್ಟು ಮಾಡಿ. ಅವರ ಮೈ ಅಳತೆಗಿಂತ ಅದು ಎಷ್ಟು ಹೆಚ್ಚಿದೆ ನೋಡಿ. ಆ ವ್ಯತ್ಯಾಸ ತಿಳಿದವರು, ಇನ್ಶಾ ಅಲ್ಲಾಹ್, ನನ್ನ ಹಾಗೆ ಬಟ್ಟೆ ಕೆಡಿಸಲಾರರು.